ಡೆಲ್ಫ್ಟ್ ಪಟ್ಟಣದ ಹಳೆಯ ಮುದ್ರಿತ ನಕಾಶೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್ಲೆಂಡ್ಸ್‌ನ ಡೆಲ್ಫ್ಟ್ ಪಟ್ಟಣದ ಹದಿನೇಳನೇ ಶತಮಾನದ ನಕಾಶೆಯೊಂದನ್ನು ಕೊಳ್ಳಬೇಕೆಂದಿರುವವರು, ಈಗಾಗಲೇ ಕೈಯಲ್ಲಿ ಹಿಡಿದು ನಿಂತಿರುವವರು, ಅದನ್ನು ಓದಲು ಕಲಿಯಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಮುಖ್ಯವಾಗಿ ಯೊಆನ್ ಬ್ಲಾವ್ 1649ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಕಟಿಸಿದ ಪಟ್ಟಣಗಳ ಅಟ್ಲಾಸ್‌ನ ಹಾಳೆಯನ್ನು ಕುರಿತವು. ಲೈಡನ್, ಹಾರ್ಲೆಮ್, ಉಟ್ರೆಕ್ಟ್‌ಗಳ ನಕಾಶೆಗೂ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಬ್ಲಾವ್‌ನ ನಕಾಶೆಗೆ ಅಷ್ಟು ಬೆಲೆ ಏಕೆ?

ಸ್ಪೇನ್ ಜೊತೆಗಿನ ಎಂಬತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿಯಿತು. ಮರುವರ್ಷವೇ ಬ್ಲಾವ್ ಎರಡು ದೊಡ್ಡ ಸಂಪುಟಗಳಲ್ಲಿ ಉತ್ತರ ಮತ್ತು ದಕ್ಷಿಣದ ತಗ್ಗುನಾಡುಗಳ (ಸುಮಾರಾಗಿ ಇಂದಿನ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ) ಇನ್ನೂರಕ್ಕೂ ಹೆಚ್ಚು ಪಟ್ಟಣಗಳ ನಕಾಶೆಗಳನ್ನು ಹೊರತಂದ. ಒಂದು ಸಂಪುಟ ಸ್ವತಂತ್ರ ಗಣರಾಜ್ಯದ ಪಟ್ಟಣಗಳಿಗೆ, ಇನ್ನೊಂದು ಸ್ಪೇನ್ ದೊರೆಯ ಅಧೀನದಲ್ಲಿ ಉಳಿದ ಪಟ್ಟಣಗಳಿಗೆ. ಕೆತ್ತನೆಯ ಗುಣಮಟ್ಟ, ಕಾಗದ, ಅಳತೆಯ ನಿಖರತೆ, ಈ ಮೂರರಲ್ಲೂ ಅಷ್ಟು ದೊಡ್ಡ ಕೆಲಸವನ್ನು ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ.

ಡೆಲ್ಫ್ಟ್ ಹಾಳೆಗೆ ಇನ್ನೊಂದು ಕಾರಣವೂ ಉಂಟು. 1654ರ ಅಕ್ಟೋಬರ್ 12ರಂದು ಪಟ್ಟಣದ ಈಶಾನ್ಯ ಭಾಗದಲ್ಲಿದ್ದ ಸಿಡಿಮದ್ದಿನ ಉಗ್ರಾಣ ಸಿಡಿದು ಸುತ್ತಲಿನ ಕೇರಿಗಳು ನೆಲಸಮವಾದವು. ಚಿತ್ರಕಾರ ಕರೆಲ್ ಫಾಬ್ರಿಟಿಯಸ್ ಸತ್ತದ್ದು ಅದರಲ್ಲೇ. ಬ್ಲಾವ್‌ನ ನಕಾಶೆ ಆ ಸ್ಫೋಟಕ್ಕೆ ಐದು ವರ್ಷ ಮೊದಲಿನದು. ಆದ್ದರಿಂದ ಇಲ್ಲವಾದ ಕೇರಿಗಳನ್ನು ಮನೆ ಮನೆಯಾಗಿ ಇಟ್ಟುಕೊಂಡಿರುವ ಹಾಳೆ ಇದು.

ಹಾಳೆಯಲ್ಲಿ 1649ರ ಪಟ್ಟಣ ಕಾಣುತ್ತಿದೆ. ಹಾಗಾದರೆ ಅದು 1649ರಲ್ಲಿ ಮುದ್ರಿತವಾದದ್ದೇ ಅಲ್ಲವೇ?

ಅಲ್ಲದಿರಬಹುದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಹಳೆಯ ನಕಾಶೆಗೆ ನಾಲ್ಕು ಬೇರೆ ಬೇರೆ ಕಾಲಗಳಿರುತ್ತವೆ: ಅದರಲ್ಲಿ ಕಾಣುವ ಪಟ್ಟಣದ ಕಾಲ, ಅಚ್ಚು ಹಾಕಲು ಬಳಸುವ ತಾಮ್ರದ ಫಲಕ ಕೆತ್ತಿದ ಕಾಲ, ನಿಮ್ಮ ಕೈಲಿರುವ ಹಾಳೆ ಮುದ್ರಣವಾದ ಕಾಲ, ಬಣ್ಣ ಹಚ್ಚಿದ ಕಾಲ. ಇವುಗಳ ನಡುವೆ ಐವತ್ತು ವರ್ಷ, ಕೆಲವೊಮ್ಮೆ ಮುನ್ನೂರು ವರ್ಷವೂ ಅಂತರವಿರಬಹುದು. ಮಾರುವವರು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಅತಿ ಹಳೆಯದನ್ನು ಮಾತ್ರ ಹೇಳುತ್ತಾರೆ.

ತಾಮ್ರದ ಫಲಕ ಒಂದು ಬಂಡವಾಳ. ಅದು ಕೈ ಬದಲಾಗುತ್ತಿತ್ತು. 1672ರ ಫೆಬ್ರವರಿ 23ರಂದು ಬ್ಲಾವ್‌ನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು, 1673ರಲ್ಲಿ ಅವನೂ ತೀರಿಕೊಂಡ. ಉಳಿದ ಫಲಕಗಳು ಹರಾಜಾದವು. ಪಟ್ಟಣಗಳ ಫಲಕಗಳಲ್ಲಿ ಬಹಳಷ್ಟು ಪ್ರಕಾಶಕ ಫ್ರೆಡರಿಕ್ ಡೆ ವಿಟ್‌ನ ಕೈ ಸೇರಿ, 1690ರ ದಶಕದಲ್ಲಿ ಅವನ ಪಟ್ಟಣ ಅಟ್ಲಾಸ್‌ಗಳಲ್ಲಿ ಮತ್ತೆ ಅಚ್ಚಾದವು. ಮರುಮುದ್ರಿಸುವಾಗ ಬೀದಿಗಳನ್ನು ಹೊಸದಾಗಿ ಅಳೆದು ತಿದ್ದುವ ಖರ್ಚಿಗೆ ಎಲ್ಲರೂ ಹೋಗುತ್ತಿರಲಿಲ್ಲ. ಹೀಗಾಗಿ ತಡವಾಗಿ ಅಚ್ಚಾದ ಹಾಳೆಯಲ್ಲೂ ಹಳೆಯ ಪಟ್ಟಣವೇ ಕಾಣಬಹುದು. ನಿಮ್ಮದು ಡೆ ವಿಟ್ ಹಾಳೆಯಾದರೆ ಅದು ಕಳಪೆಯಲ್ಲ, ನಕಲಿಯೂ ಅಲ್ಲ. ಆದರೆ ಬ್ಲಾವ್ ಮುದ್ರಣದ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದು.

ಮುದ್ರಣದ ಕಾಲ ಗುರುತಿಸುವುದು ಹೇಗೆ?

ಮೊದಲು ಹಾಳೆಯನ್ನು ಮಗುಚಿ. ಬ್ಲಾವ್‌ನ ಪಟ್ಟಣ ಅಟ್ಲಾಸ್‌ನಲ್ಲಿ ಹಿಂಬದಿಗೆ ಆ ಪಟ್ಟಣದ ಚರಿತ್ರೆಯನ್ನು ಅಚ್ಚುಮೊಳೆಗಳಲ್ಲಿ ಮುದ್ರಿಸಿರುತ್ತಾರೆ: ಲ್ಯಾಟಿನ್ ಆವೃತ್ತಿಯಾದರೆ ಲ್ಯಾಟಿನ್, ಡಚ್ ಆವೃತ್ತಿಯಾದರೆ ಡಚ್. ಪುಟದ ಕೆಳಗೆ ಚಿಕ್ಕ ಅಕ್ಷರ ಅಥವಾ ಅಂಕಿಯ ಗುರುತೂ ಇರಬಹುದು. ಅದು ಬೈಂಡರ್‌ಗೆ ಹಾಳೆಗಳ ಕ್ರಮ ತಿಳಿಸಲು ಹಾಕಿದ್ದು. ಒಂದೇ ಭಾಷೆಯ ಬೇರೆ ಮುದ್ರಣಗಳನ್ನು ಬೇರ್ಪಡಿಸಲು ಆ ಗುರುತು ಮತ್ತು ಸಾಲುಗಳು ಮುರಿಯುವ ಜಾಗ ಸಹಾಯ ಮಾಡುತ್ತವೆ. ಡೆ ವಿಟ್ ಹಾಳೆಗಳ ಹಿಂಬದಿ ಸಾಮಾನ್ಯವಾಗಿ ಖಾಲಿ.

ಆಮೇಲೆ ಮುಂಬದಿಯ ಗೆರೆಗಳನ್ನು ನೋಡಿ. ತಾಮ್ರ ಮೃದುವಾದ ಲೋಹ. ಪ್ರತಿ ಮುದ್ರಣದಲ್ಲೂ ಅದರ ಮೇಲೆ ಶಾಯಿ ತಿಕ್ಕಿ, ಒರೆಸಿ, ರೋಲರ್ ಕೆಳಗೆ ಒತ್ತುತ್ತಾರೆ. ಮೊದಲು ಸವೆಯುವುದು ಅತಿ ತೆಳು ಗೆರೆಗಳು: ಮನೆಯ ಸೂರಿನ ನೆರಳು, ಕಾಲುವೆ ನೀರಿನ ಅಲೆ, ಹೊಲದ ಸಾಲು. ಇವು ಮಾಸಿ, ದಪ್ಪ ಅಕ್ಷರಗಳು ಮಾತ್ರ ಗಾಢವಾಗಿದ್ದರೆ ಅದು ತಡವಾದ ಮುದ್ರಣ. ಕೆಲವೊಮ್ಮೆ ಸವೆದ ಜಾಗವನ್ನು ಮತ್ತೆ ಕೆತ್ತಿರುತ್ತಾರೆ. ಆಗ ಪಕ್ಕಪಕ್ಕದ ನೆರಳುಗಳು ಒಂದಕ್ಕೊಂದು ಹೊಂದದೆ ಒರಟಾಗಿ ಕಾಣುತ್ತವೆ. ಪ್ರಕಾಶಕನ ಹೆಸರು ಅಳಿಸಿ ಬೇರೆ ಹೆಸರು ಕೂರಿಸಿದ್ದರೆ ಆ ಜಾಗದ ಹಿನ್ನೆಲೆಯಲ್ಲಿ ಹಳೆಯ ಅಕ್ಷರದ ತುಣುಕು ಉಳಿದಿರುವುದುಂಟು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು.

ಅಸಲಿಯೋ ಆಧುನಿಕ ಪ್ರತಿಯೋ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಬಹುತೇಕ ಸಂದರ್ಭಗಳಲ್ಲಿ ಹದಿನೈದು ನಿಮಿಷದಲ್ಲಿ ತಿಳಿಯುತ್ತದೆ. ಚೌಕಟ್ಟಿನಿಂದ ಹೊರತೆಗೆಯದೆ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ.

1. ಮಸೂರದಡಿ ಗೆರೆ ನೋಡಿ. ತಾಮ್ರದ ಕೆತ್ತನೆಯ ಗೆರೆ ಚೂಪಾಗಿ ಶುರುವಾಗಿ, ಉಬ್ಬಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಶಾಯಿ ಕಾಗದದ ಮೇಲೆ ತುಸು ಎದ್ದು ನಿಂತಿರುತ್ತದೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಗುಂಪು ಕಂಡರೆ ಅದು ಆಫ್‌ಸೆಟ್ ಮುದ್ರಣ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಎರಚಿದಂತಹ ಸೂಕ್ಷ್ಮ ಚುಕ್ಕೆಗಳಿದ್ದರೆ ಇಂಕ್‌ಜೆಟ್.

2. ಟಾರ್ಚನ್ನು ಹಾಳೆಗೆ ಸಮಾಂತರವಾಗಿ, ಪಕ್ಕದಿಂದ ಹಿಡಿಯಿರಿ. ಚಿತ್ರದ ಸುತ್ತ ಫಲಕದ ಅಂಚು ಒತ್ತಿದ ತಗ್ಗು ಕಾಣಬೇಕು. ಇದೊಂದನ್ನೇ ನಂಬಬೇಡಿ: ಪ್ರತಿಗಳಿಗೂ ಖಾಲಿ ಫಲಕ ಒತ್ತಿ ತಗ್ಗು ಮೂಡಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿ ಗೆದ್ದ ಹಾಳೆಗೆ ಮಾತ್ರ ಇದು ಸಾಕ್ಷಿ.

3. ಬೆಳಕಿಗೆ ಅಡ್ಡಲಾಗಿ ಹಿಡಿಯಿರಿ. ಆ ಕಾಲದ ಕೈ ಕಾಗದವನ್ನು ತಂತಿಯ ಜಾಲರಿಯ ಅಚ್ಚಿನಲ್ಲಿ ಎತ್ತುತ್ತಿದ್ದರು. ಒತ್ತೊತ್ತಾದ ತೆಳು ಗೆರೆಗಳೂ, ಅವುಗಳಿಗೆ ಅಡ್ಡಲಾಗಿ ಸುಮಾರು ಎರಡೂವರೆ ಸೆಂ.ಮೀ. ಅಂತರದ ಗೆರೆಗಳೂ ಕಾಣಬೇಕು. ಜೊತೆಗೆ ನೀರುಗುರುತು (ಕಾಗದದೊಳಗೇ ಮೂಡಿದ, ಬೆಳಕಿಗೆ ಹಿಡಿದರೆ ಕಾಣುವ ಚಿಹ್ನೆ) ಇರಬಹುದು. ಗೆರೆಯೇ ಇಲ್ಲದ ನಯವಾದ ಕಾಗದ ಯುರೋಪಿನ ಮುದ್ರಣಕ್ಕೆ ಬಂದದ್ದು 1750ರ ದಶಕದಲ್ಲಿ. ಅಂಥ ಕಾಗದದ ಮೇಲಿರುವ ‘ಬ್ಲಾವ್’ ಬ್ಲಾವ್‌ನದ್ದಲ್ಲ.

4. ಕತ್ತಲ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಾಕಿ. ಇಪ್ಪತ್ತನೇ ಶತಮಾನದ ನಡುವಿನ ನಂತರದ ಬಹಳಷ್ಟು ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದರಿಂದ ಅವು ನೀಲಿಯಾಗಿ ಹೊಳೆಯುತ್ತವೆ. ಹಳೆಯ ಚಿಂದಿ ಬಟ್ಟೆಯ ಕಾಗದ ಹಾಗೆ ಹೊಳೆಯುವುದಿಲ್ಲ.

5. ನಡು ಮಡಿಕೆಯ ಹಿಂಬದಿ ಮುಟ್ಟಿ ನೋಡಿ. ಅಟ್ಲಾಸ್‌ನಲ್ಲಿ ಹಾಳೆಯನ್ನು ಎರಡಾಗಿ ಮಡಿಸಿ, ಮಡಿಕೆಗೆ ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ಹೊಲಿಯುತ್ತಿದ್ದರು. ಪಟ್ಟಿ ಅಥವಾ ಅದರ ಅಂಟಿನ ಕಲೆ ಉಳಿದಿದ್ದರೆ ಒಳ್ಳೆಯ ಲಕ್ಷಣ.

ಚಹಾದ ನೀರಲ್ಲಿ ಅದ್ದಿ ‘ಹಳತು’ ಮಾಡಿದ ಹಾಳೆಗಳೂ ಸಿಗುತ್ತವೆ. ಅವುಗಳ ಕಂದು ಎಲ್ಲೆಡೆ ಒಂದೇ ಸಮ. ನಿಜವಾದ ಹಾಳೆಯಲ್ಲಿ ಕಂದು ಹೊರ ಅಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ. ಕೆಳಗಿನ ಅಂಚು, ಪುಟ ತಿರುವಿದ ಬೆರಳು ತಾಗಿದ ಮೂಲೆ ಕೊಳೆಯಾಗಿರುತ್ತವೆ.

ಒಂದೇ ನಕಾಶೆಯ ಎರಡು ಪ್ರತಿಗಳ ಅಳತೆ ಕೆಲವು ಮಿಲಿಮೀಟರ್ ವ್ಯತ್ಯಾಸ ತೋರಿಸುತ್ತಿದೆ. ಒಂದು ನಕಲಿಯೇ?

ಇಲ್ಲ. ಕಾಗದವನ್ನು ಒದ್ದೆ ಮಾಡಿಯೇ ಫಲಕದ ಮೇಲೆ ಒತ್ತುತ್ತಿದ್ದರು, ಇಲ್ಲದಿದ್ದರೆ ಅದು ಗೆರೆಯೊಳಗಿನ ಶಾಯಿಯನ್ನು ಹೀರುವುದಿಲ್ಲ. ಒಣಗುವಾಗ ಪ್ರತಿ ಹಾಳೆಯೂ ತನ್ನ ದಪ್ಪಕ್ಕೂ ನಾರಿನ ದಿಕ್ಕಿಗೂ ತಕ್ಕಂತೆ ಕುಗ್ಗುತ್ತದೆ. ಬ್ಲಾವ್‌ನ ಪಟ್ಟಣದ ಫಲಕಗಳು ಸುಮಾರು 40 ಸೆಂ.ಮೀ. ಎತ್ತರ, 50 ಸೆಂ.ಮೀ. ಅಗಲ. ಅಷ್ಟು ದೊಡ್ಡ ಹಾಳೆಯಲ್ಲಿ ನಾಲ್ಕೈದು ಮಿ.ಮೀ. ಹೆಚ್ಚುಕಡಿಮೆ ಸಹಜ. ಎರಡು ಸೆಂ.ಮೀ. ವ್ಯತ್ಯಾಸವಿದ್ದರೆ ಬೇರೆ ಫಲಕ ಅಥವಾ ಆಧುನಿಕ ಪ್ರತಿ ಎಂದು ಅನುಮಾನಿಸಿ.

ಬಣ್ಣ ಹಳೆಯದೋ ಹೊಸದೋ?

ಆ ಕಾಲದಲ್ಲಿ ಎಲ್ಲ ಬಣ್ಣವೂ ಕೈಯಿಂದ ಹಚ್ಚಿದ್ದು. ಕಪ್ಪುಬಿಳುಪಾಗಿಯೂ ಮಾರುತ್ತಿದ್ದರು, ಹೆಚ್ಚು ಹಣ ಕೊಟ್ಟವರಿಗೆ ಬಣ್ಣ ಹಚ್ಚಿಸಿ ಕೊಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಕಪ್ಪುಬಿಳುಪು ಹಾಳೆಗಳಿಗೆ ಬಣ್ಣ ಹಚ್ಚಿ ಮಾರುವುದು ದೊಡ್ಡ ದಂಧೆಯಾಯಿತು. ನಮ್ಮ ಅಭಿಪ್ರಾಯ ಸ್ಪಷ್ಟ: ಗಾಢವಾದ ಒಳ್ಳೆಯ ಕಪ್ಪುಬಿಳುಪು ಮುದ್ರಣ, ಹೊಸ ಬಣ್ಣ ಬಳಿದ ಸುಂದರ ಹಾಳೆಗಿಂತ ಮೇಲು. ಬಣ್ಣ ಕೆತ್ತನೆಯನ್ನು ಮುಚ್ಚುತ್ತದೆ, ಸವೆದ ಗೆರೆಯನ್ನೂ ಮುಚ್ಚುತ್ತದೆ.

ಪರೀಕ್ಷೆಗೆ ಹಸಿರು ಬಣ್ಣವೇ ಉತ್ತಮ. ಹಳೆಯ ಹಸಿರನ್ನು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದರು. ಅದು ಶತಮಾನಗಳಲ್ಲಿ ಕಾಗದವನ್ನು ಸುಡುತ್ತ ಹೋಗಿ ಹಿಂಬದಿಯಲ್ಲಿ ಅದೇ ಆಕಾರದ ಕಂದು ನೆರಳಾಗಿ ಮೂಡುತ್ತದೆ. ಡೆಲ್ಫ್ಟ್‌ನ ಕೋಟೆ ದಿಬ್ಬ, ಹೊರಗಿನ ತೋಟ, ಹುಲ್ಲುಗಾವಲು ಹಸಿರಾಗಿದ್ದು ಹಿಂಬದಿ ಸ್ವಚ್ಛವಾಗಿದ್ದರೆ ಬಣ್ಣ ಹೊಸದಿರುವ ಸಾಧ್ಯತೆ ಬಲವಾಗಿದೆ. ಹಾಳೆ ಎರಡಾಗಿ ಮಡಿಸಿಟ್ಟದ್ದರಿಂದ ಎಡಬದಿಯ ಹಸಿರಿನ ಮಸುಕು ಛಾಯೆ ಬಲಬದಿಯಲ್ಲೂ ಬಿದ್ದಿರಬಹುದು. ಅದೂ ಹಳೆಯ ಬಣ್ಣದ ಗುರುತೇ.

ಎರಡನೆಯ ಪರೀಕ್ಷೆ ಹರುಕಿನ ಹತ್ತಿರ. ಹರಿದ ಅಂಚಿನ ಒಳಗೆ, ಮಡಿಕೆಯ ಬಿರುಕಿನೊಳಗೆ ಬಣ್ಣ ಇಳಿದು ಗಾಢವಾಗಿದ್ದರೆ, ಅಥವಾ ದುರಸ್ತಿಯ ತೇಪೆಯ ಮೇಲೂ ಬಣ್ಣ ಸಾಗಿದ್ದರೆ, ಹರಿದ ಮೇಲೆ ಹಚ್ಚಿದ್ದು ಎಂದರ್ಥ. ಡೆಲ್ಫ್ಟ್‌ನ ಲಾಂಛನವನ್ನೂ ಗಮನಿಸಿ. ಬೆಳ್ಳಿಯ ಗುರಾಣಿಯ ನಡುವೆ ಕಾಲುವೆಯನ್ನು ಸೂಚಿಸುವ ಕಪ್ಪು ಲಂಬ ಪಟ್ಟಿ ಅದರ ರೂಪ. ಕೆಂಪೋ ಹಳದಿಯೋ ಬಳಿದಿದ್ದರೆ ಊರು ಗೊತ್ತಿಲ್ಲದ ಕೈಯ ಕೆಲಸ. ಅದೊಂದರಿಂದಲೇ ಕಾಲ ನಿರ್ಧರಿಸಲಾಗದು, ಏಕೆಂದರೆ ಹಳೆಯ ಕಾಲದಲ್ಲೂ ತಪ್ಪುತ್ತಿದ್ದರು.

ನಕಾಶೆಯ ಮೇಲಿನ ಹೆಸರುಗಳನ್ನು ಓದುವುದು ಹೇಗೆ?

ಶೀರ್ಷಿಕೆ ಲ್ಯಾಟಿನ್‌ನಲ್ಲಿರುತ್ತದೆ, ಪಕ್ಕದಲ್ಲಿ ಜನಬಳಕೆಯ ಹೆಸರು. ಡೆಲ್ಫ್ಟ್ ಅಲ್ಲಿ ‘ಡೆಲ್ಫಿ ಬಟಾವೋರುಮ್’. ಇದೇ ರೀತಿ ಲೈಡನ್ ‘ಲುಗ್ದುನುಮ್ ಬಟಾವೋರುಮ್’, ಉಟ್ರೆಕ್ಟ್ ‘ಉಲ್ಟ್ರಾಯೆಕ್ಟುಮ್’. ಹುಡುಕುವಾಗ ಎರಡೂ ಹೆಸರು ಹಾಕಿ.

ಒಳಗಿನ ಡಚ್ ಪದಗಳಲ್ಲಿ ಹತ್ತು ತಿಳಿದರೆ ಅರ್ಧ ನಕಾಶೆ ತೆರೆದಂತೆ: ಕೆರ್ಕ್ ಚರ್ಚು, ಪೋರ್ಟ್ ಕೋಟೆಬಾಗಿಲು, ಮಾರ್ಕ್ಟ್ ಪೇಟೆ ಚೌಕ, ಖ್ರಾಖ್ಟ್ ಕಾಲುವೆ, ಬ್ರುಖ್ ಸೇತುವೆ, ಮೋಲನ್ ಗಾಳಿಯಂತ್ರ, ಸ್ಟಾಡ್‌ಹೌಸ್ ನಗರ ಸಭಾಭವನ, ಗಾಸ್ಟ್‌ಹೌಸ್ ಆಸ್ಪತ್ರೆ, ವೇಸ್‌ಹೌಸ್ ಅನಾಥಾಲಯ, ಡೂಲನ್ ನಗರ ಕಾವಲುಪಡೆಯ ಅಭ್ಯಾಸದ ಅಂಗಳ. ಅಂಕಿಗಳಿದ್ದರೆ ಮೂಲೆಯ ಪಟ್ಟಿಯಲ್ಲಿ ಅವುಗಳ ಹೆಸರಿರುತ್ತದೆ. ಉತ್ತರ ಮೇಲೇ ಇದೆ ಎಂದುಕೊಳ್ಳಬೇಡಿ. ಹಾಳೆಯ ಆಕಾರಕ್ಕೆ ಪಟ್ಟಣ ಹೊಂದುವಂತೆ ತಿರುಗಿಸಿ ಕೆತ್ತುತ್ತಿದ್ದರು, ಆದ್ದರಿಂದ ಮೊದಲು ದಿಕ್ಸೂಚಿ ಚಿತ್ರ ಹುಡುಕಿ.

ಈಗಿನ ಡೆಲ್ಫ್ಟ್‌ಗೆ ಇದನ್ನು ಹೋಲಿಸಬಹುದೇ?

ಈ ಊರಿಗೆ ಹೋಲಿಸುವುದು ಸುಲಭ, ಏಕೆಂದರೆ ಹಳೆಯ ಕಾಲುವೆಗಳ ವಿನ್ಯಾಸ ಬಹುಮಟ್ಟಿಗೆ ಉಳಿದಿದೆ. ಮಾರ್ಕ್ಟ್ ಚೌಕದ ಒಂದು ತುದಿಯಲ್ಲಿ ನ್ಯೂವೆ ಕೆರ್ಕ್, ಎದುರು ತುದಿಯಲ್ಲಿ 1618ರ ಬೆಂಕಿಯ ನಂತರ ಹೆಂಡ್ರಿಕ್ ಡೆ ಕೈಸರ್ ಮರಳಿ ಕಟ್ಟಿದ ಸಭಾಭವನ. ವಾಲಿದ ಗೋಪುರದ ಔಡೆ ಕೆರ್ಕ್ ಔಡೆ ಡೆಲ್ಫ್ಟ್ ಕಾಲುವೆಯ ದಡದಲ್ಲಿ. ಕೋಟೆಬಾಗಿಲುಗಳಲ್ಲಿ ಇಂದು ಉಳಿದಿರುವುದು ಪೂರ್ವದ ಓಸ್ಟ್‌ಪೋರ್ಟ್ ಒಂದೇ. ದಕ್ಷಿಣದ ಸ್ಖೀಡಮ್ ಮತ್ತು ರಾಟರ್‌ಡ್ಯಾಮ್ ಬಾಗಿಲುಗಳು ಹತ್ತೊಂಬತ್ತನೇ ಶತಮಾನದಲ್ಲಿ ನೆಲಕ್ಕುರುಳಿದವು. ಆದರೆ ಇವೆರಡನ್ನೂ ಚಿತ್ರಕಾರ ವರ್ಮೀರ್ 1660ರ ಸುಮಾರಿಗೆ ಬಿಡಿಸಿದ ಡೆಲ್ಫ್ಟ್ ನೋಟದ ಚಿತ್ರದಲ್ಲಿ ನೋಡಬಹುದು: ನೀರಿನಾಚೆ ಎಡಕ್ಕೆ ಸ್ಖೀಡಮ್ ಬಾಗಿಲು, ಬಲಕ್ಕೆ ರಾಟರ್‌ಡ್ಯಾಮ್ ಬಾಗಿಲು, ನಡುವೆ ಬಿಸಿಲಲ್ಲಿ ನ್ಯೂವೆ ಕೆರ್ಕ್ ಗೋಪುರ. ನಕಾಶೆಯ ದಕ್ಷಿಣದ ಬಂದರು ಕೊಳದ ಮೇಲೆ ಬೆರಳಿಟ್ಟರೆ ವರ್ಮೀರ್ ಯಾವ ದಡದಿಂದ ಪಟ್ಟಣವನ್ನು ನೋಡಿದ ಎಂಬುದು ಗೊತ್ತಾಗುತ್ತದೆ.

ಈಶಾನ್ಯದಲ್ಲಿ ಈಗ ಪಾರ್ಡನ್‌ಮಾರ್ಕ್ಟ್ ಎಂಬ ಬಯಲು ಚೌಕವಿದೆ. ಬ್ಲಾವ್‌ನಲ್ಲಿ ಅದನ್ನು ಹುಡುಕಬೇಡಿ, ಅದು ಸ್ಫೋಟದ ನಂತರ ಆದದ್ದು.

ಕಂಪ್ಯೂಟರ್‌ನಲ್ಲಿ ಇಂದಿನ ಭೂಪಟದ ಮೇಲೆ ಹೊಂದಿಸಬೇಕೆಂದರೆ ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶ ಸಾಕು. ಕನಿಷ್ಠ ಹತ್ತು ಹನ್ನೆರಡು ಗುರುತುಬಿಂದುಗಳನ್ನು (ಹಳೆಯದರಲ್ಲೂ ಹೊಸದರಲ್ಲೂ ಕಾಣುವ ಜಾಗಗಳನ್ನು) ಪಟ್ಟಣದ ಎಲ್ಲ ಕಡೆ ಹಂಚಿ ಇಡಿ. ಎಲ್ಲರೂ ಮಾಡುವ ತಪ್ಪೆಂದರೆ ಚರ್ಚಿನ ಗೋಪುರದ ತುದಿಗೆ ಬಿಂದು ಇಡುವುದು. ಬೀದಿಗಳು ನೆಲನಕ್ಷೆಯಂತೆ ಕೆತ್ತಲ್ಪಟ್ಟಿದ್ದರೂ ಕಟ್ಟಡಗಳು ಓರೆಯಾಗಿ ಎದ್ದು ನಿಂತಿರುತ್ತವೆ. ತುದಿ ಹಿಂದಿನ ಬೀದಿಯ ಮೇಲೆ ಬಿದ್ದಿರುತ್ತದೆ. ಬುಡಕ್ಕೆ ಇಡಿ. ಸೇತುವೆಗಳು, ಕಾಲುವೆಗಳು ಕೂಡುವ ಮೂಲೆಗಳು ಇನ್ನೂ ಉತ್ತಮ.

ಅಳತೆಪಟ್ಟಿ ಇದೆ, ಆದರೆ ಮೀಟರ್ ಇಲ್ಲ. ಪ್ರಮಾಣ ಹೇಗೆ ಲೆಕ್ಕ ಹಾಕುವುದು?

ಆ ಪಟ್ಟಿಗಳು ‘ರೂಡೆ’ ಎಂಬ ಅಳತೆಗೋಲಿನವು. ಹಾಲೆಂಡ್‌ನಲ್ಲಿ ಹೆಚ್ಚು ಬಳಕೆಯಲ್ಲಿದ್ದ ರೈನ್‌ಲ್ಯಾಂಡ್ ರೂಡೆ 12 ಅಡಿಯದು, ಸುಮಾರು 3.767 ಮೀಟರ್. ಉದಾಹರಣೆಗೆ 100 ರೂಡೆಯ ಪಟ್ಟಿ ನಿಮ್ಮ ಹಾಳೆಯಲ್ಲಿ 75 ಮಿ.ಮೀ. ಇದ್ದರೆ, 376.7 ಮೀಟರನ್ನು 0.075 ಮೀಟರ್‌ನಿಂದ ಭಾಗಿಸಿ: ಸುಮಾರು 5,000ಕ್ಕೆ 1. ಆಮ್‌ಸ್ಟರ್‌ಡ್ಯಾಮ್ ರೂಡೆ ಬೇರೆ, 13 ಅಡಿಯದು, ಸುಮಾರು 3.68 ಮೀಟರ್. ಪಟ್ಟಿಯ ಮೇಲೆ ಯಾವ ರೂಡೆ ಎಂದು ಬರೆದಿದೆಯೋ ನೋಡಿಕೊಳ್ಳಿ.

ಬ್ರೌನ್ ಮತ್ತು ಹೋಗೆನ್‌ಬೆರ್ಗ್ ಎಂಬ ಹೆಸರಿನ ಡೆಲ್ಫ್ಟ್ ನಕಾಶೆಯೂ ಸಿಗುತ್ತದಲ್ಲ?

ಅದು ಇನ್ನೂ ಹಳೆಯದು. ಕಲೋನ್‌ನಲ್ಲಿ 1572ರಿಂದ 1617ರವರೆಗೆ ಆರು ಸಂಪುಟಗಳಾಗಿ ಬಂದ ಜಗತ್ತಿನ ಪಟ್ಟಣಗಳ ಪುಸ್ತಕದ ಹಾಳೆ. ಮುಂಭಾಗದಲ್ಲಿ ಸ್ಥಳೀಯ ಉಡುಪಿನ ಜನರ ಚಿತ್ರಗಳು ಈ ಸರಣಿಯ ಗುರುತು. ಇಂಥ ಪಟ್ಟಣ ನಕ್ಷೆಗಳ ಹಿಂದೆ ಯಾಕೋಬ್ ಫಾನ್ ಡೆವೆಂಟರ್ ಇದ್ದಾನೆ: 1558ರಲ್ಲಿ ಎರಡನೇ ಫಿಲಿಪ್ ದೊರೆಯ ಆಜ್ಞೆಯ ಮೇರೆಗೆ ತಗ್ಗುನಾಡಿನ ಪಟ್ಟಣಗಳನ್ನು ಒಂದೊಂದಾಗಿ ಅಳೆಯಲು ಶುರುಮಾಡಿ 1575ರಲ್ಲಿ ಸಾಯುವವರೆಗೂ ಅದೇ ಕೆಲಸ ಮಾಡಿದ. ಕಲೋನ್ ಫಲಕಗಳನ್ನೂ ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕ ಯಾನ್‌ಸೋನಿಯಸ್ ಕೊಂಡು 1657ರಲ್ಲಿ ಮತ್ತೆ ಬಳಸಿದ. ಅಲ್ಲಿಗೂ ನಾಲ್ಕು ಕಾಲಗಳ ಲೆಕ್ಕ ಬರುತ್ತದೆ.

ದೂರದಿಂದ ಕೊಳ್ಳುವಾಗ ಏನು ಕೇಳಬೇಕು?

ಹಿಂಬದಿಯ ಪೂರ್ಣ ಚಿತ್ರ, ಬೆಳಕಿನೆದುರು ಹಿಡಿದ ಚಿತ್ರ, ನಡು ಮಡಿಕೆಯ ಕೆಳತುದಿಯ ಹತ್ತಿರದ ಚಿತ್ರ. ಮಡಿಕೆ ಮೊದಲು ಸೀಳುವುದು ಕೆಳಗಿನಿಂದ, ಪುಟ ತಿರುವುವ ಎಳೆತ ಬೀಳುವುದು ಅಲ್ಲೇ. ಫಲಕದ ತಗ್ಗಿನ ಅಳತೆ ಮತ್ತು ಪೂರ್ಣ ಹಾಳೆಯ ಅಳತೆ ಎರಡನ್ನೂ ಕೇಳಿ: ಅಂಚು ಕತ್ತರಿಸಿದ ಹಾಳೆಯ ಬೆಲೆ ಗಣನೀಯವಾಗಿ ಇಳಿಯುತ್ತದೆ. ದುರಸ್ತಿ, ತೊಳೆತ, ಬಣ್ಣದ ಕಾಲ, ವಾಪಸಾತಿಯ ಷರತ್ತು ಇವು ಬರಹದಲ್ಲಿರಲಿ. ಚಿತ್ರ ಕಳಿಸಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಮೂಲವನ್ನೂ ಕೇಳಿ. ಬಿಡಿಹಾಳೆಗಳಲ್ಲಿ ಬಹುಪಾಲು ಅಟ್ಲಾಸ್‌ಗಳನ್ನು ಬಿಚ್ಚಿ ಮಾರಿದ್ದು, ಕೆಲವು ಗ್ರಂಥಾಲಯಗಳಿಂದ ಕದ್ದದ್ದು. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಕಾಶೆ ವ್ಯಾಪಾರಿಯೊಬ್ಬ ಬ್ಲೇಡು ಸಮೇತ ಸಿಕ್ಕಿಬಿದ್ದ ಮೇಲೆ ಈ ವ್ಯಾಪಾರ ಎಚ್ಚೆತ್ತುಕೊಂಡಿತು. ಉಜ್ಜಿ ಅಳಿಸಿದ ಮುದ್ರೆಯ ಜಾಗ, ಮೂಲೆಯಲ್ಲಿ ತೆಳುವಾದ ಕಾಗದ, ಒಳ ಅಂಚಿನಲ್ಲಿ ಹರಿತವಾದ ನೇರ ಕತ್ತರಿಕೆ ಕಂಡರೆ ವಿವರಣೆ ಕೇಳಿ.

ಯುರೋಪಿನಿಂದ ಭಾರತಕ್ಕೆ ತರಲು ಕಾನೂನಿನ ತೊಡಕಿದೆಯೇ?

ಐರೋಪ್ಯ ಒಕ್ಕೂಟದ ನಿಯಮದಂತೆ 200 ವರ್ಷಕ್ಕಿಂತ ಹಳೆಯ, 15,000 ಯೂರೋಗಿಂತ ಹೆಚ್ಚು ಬೆಲೆಯ ಮುದ್ರಿತ ನಕಾಶೆಗೆ ರಫ್ತು ಪರವಾನಗಿ ಬೇಕು. ಬಿಡಿ ಪಟ್ಟಣ ಹಾಳೆ ಸಾಮಾನ್ಯವಾಗಿ ಆ ಬೆಲೆಯ ಬಹಳ ಕೆಳಗಿರುತ್ತದೆ. ಆದರೂ ಕೆಲವು ದೇಶಗಳಿಗೆ ತಮ್ಮದೇ ನಿಯಮಗಳಿವೆ, ಮಾರುವವರನ್ನು ಕೇಳಿ. ಭಾರತಕ್ಕೆ ಬಂದಮೇಲೆ ಬಿಲ್ಲು ಮತ್ತು ಕಸ್ಟಮ್ಸ್ ಕಾಗದವನ್ನು ನಕಾಶೆಯಷ್ಟೇ ಜೋಪಾನ ಮಾಡಿ. 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ವಸ್ತುಗಳ ರಫ್ತನ್ನು ಬಿಗಿಯಾಗಿ ನಿಯಂತ್ರಿಸುತ್ತದೆ. ಮುಂದೆ ಮಕ್ಕಳ ಜೊತೆ ವಿದೇಶಕ್ಕೆ ಒಯ್ಯಬೇಕಾದರೆ ಹೊರಗಿನಿಂದ ತಂದದ್ದು ಎಂಬ ದಾಖಲೆ ಬೇಕಾಗುತ್ತದೆ, ಭಾರತೀಯ ಪುರಾತತ್ವ ಇಲಾಖೆಯನ್ನು ಮೊದಲೇ ವಿಚಾರಿಸಬೇಕು.

ಚೌಕಟ್ಟು ಹಾಕಿಸುವುದು ಹೇಗೆ?

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಕಾಗದದ ನಾರಿಗೆ ಸೇರಿಕೊಂಡರೆ ಬಿಡಿಸಲು ಆಗುವುದಿಲ್ಲ, ಹಾಳೆ ಅಲ್ಲಿಗೆ ಮುಗಿಯಿತು. ಹಾರ್ಡ್‌ಬೋರ್ಡಿಗೆ ಬಿಳಿ ಅಂಟಿನಿಂದ ಅಂಟಿಸುವುದೂ, ಸೆಲೋಟೇಪ್ ಹಚ್ಚುವುದೂ ಅಷ್ಟೇ ಹಾನಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಸರಿಯಾದ ಕ್ರಮ ಹೀಗೆ. ಹತ್ತಿಯ ನಾರಿನ, ಆಮ್ಲರಹಿತ ಬೋರ್ಡನ್ನು ಹಿಂದೆ ಇಡಿ. ಹಾಳೆಯ ಮೇಲಂಚಿನ ಹಿಂಬದಿಗೆ ಕೋಜೋ ಎಂಬ ಗಟ್ಟಿ ನಾರಿನ ಜಪಾನಿ ಕಾಗದದ ಎರಡು ಚಿಕ್ಕ ಪಟ್ಟಿಗಳನ್ನು ಗೋಧಿ ಗಂಜಿಯಿಂದ ಅಂಟಿಸಿ, ಆ ಪಟ್ಟಿಗಳನ್ನು ಬೋರ್ಡಿಗೆ ಹೊಂದಿಸಿ. ಉಳಿದ ಮೂರು ಬದಿ ಬಿಡುವಾಗಿರಲಿ. ತೇವ ಏರಿದಾಗ ಕಾಗದ ಹಿಗ್ಗುತ್ತದೆ, ನಾಲ್ಕು ಬದಿ ಬಂಧಿಸಿದರೆ ಅಲೆಯಾಗಿ ಏಳುತ್ತದೆ ಅಥವಾ ಹರಿಯುತ್ತದೆ. ಗಂಜಿಗೆ ಮೈದಾ ಬೇಡ, ಅದರ ಅಂಟುಸಾರ ಗಟ್ಟಿಯಾಗಿ ಹುಳು ಕರೆಯುತ್ತದೆ. ಶುದ್ಧ ಗೋಧಿ ಪಿಷ್ಟ ಒಂದು ಪಾಲು, ನೀರು ಐದು ಪಾಲು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ, ಅರೆಪಾರದರ್ಶಕವಾದ ಮೇಲೆ ಆರಿಸಿ, ಜಾಲರಿಯಲ್ಲಿ ಸೋಸಿ. ಫ್ರಿಜ್‌ನಲ್ಲಿಟ್ಟು ಕೆಲವು ದಿನಗಳಲ್ಲಿ ಬಳಸಿ ಮುಗಿಸಿ.

ಗಾಜು ಕಾಗದಕ್ಕೆ ತಾಗಬಾರದು. ಕಿಟಕಿ ಕತ್ತರಿಸಿದ ಬೋರ್ಡು ನಡುವೆ ಇದ್ದರೆ ಆ ಅಂತರ ಸಿಗುತ್ತದೆ. ಅತಿನೇರಳೆ ತಡೆಯುವ ಗಾಜು ಅಥವಾ ಅಕ್ರಿಲಿಕ್ ಹಾಕಿಸಿ. ಬಣ್ಣದ ಹಾಳೆಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ), ಎಂದರೆ ಮಂದ ಬೆಳಕು ಸಾಕು.

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಏನು ಮಾಡಬೇಕು?

ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಬರುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಿನವೂ ದಾಟುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ನಾಲ್ಕು ತಿಂಗಳು ಇಳಿಸಿ, ಒಣ ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಚಪ್ಪಟೆಯಾಗಿ ಇಡುವುದು ಇನ್ನೂ ಒಳ್ಳೆಯದು. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಸುರುಳಿ ಸುತ್ತಬೇಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಿಸಿಲಿಗೂ ಇಡಬೇಡಿ. ಒಣ ಕೋಣೆಗೆ ಸರಿಸಿ, ಪೂರ್ತಿ ಒಣಗಿದ ಮೇಲೆ ಮೃದು ಕುಂಚದಿಂದ ಹೊರಗೆ ಗುಡಿಸಿ, ಮುಖಕ್ಕೆ ಮಾಸ್ಕ್ ಇರಲಿ. ಕಂದು ಚುಕ್ಕೆ ತೆಗೆಯಲು ಮನೆಯಲ್ಲಿ ಬ್ಲೀಚ್ ಹಾಕಿದವರ ಹಾಳೆಗಳು ಪುಡಿಯಾಗಿವೆ. ಚುಕ್ಕೆಗಳನ್ನು ಹಾಗೇ ಬಿಡಿ.

ಡೆಲ್ಫ್ಟ್‌ಗೂ ನಮ್ಮ ಕರಾವಳಿಗೂ ಏನಾದರೂ ಸಂಬಂಧವಿತ್ತೇ?

ಇತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಡೆಲ್ಫ್ಟ್‌ನಲ್ಲಿತ್ತು. ಅದೇ ಕಂಪನಿ ಕೆಳದಿ ನಾಯಕರ ಕಾಲದಲ್ಲಿ ಬಸರೂರಿನಲ್ಲಿ ವ್ಯಾಪಾರ ಕೋಠಿ ನಡೆಸಿತು. ಯೊಆನ್ ಬ್ಲಾವ್ 1638ರಿಂದ ಆ ಕಂಪನಿಯ ಅಧಿಕೃತ ನಕಾಶೆಕಾರನೂ ಆಗಿದ್ದ. ಅವನ ಕೈಕೆಳಗೆ ಏಷ್ಯಾದ ಕರಾವಳಿಗಳ ಕೈಬರಹದ ನಾವಿಕ ನಕಾಶೆಗಳು ತಯಾರಾಗುತ್ತಿದ್ದವು. ಅವು ಕಂಪನಿಯ ಗುಟ್ಟಾದ್ದರಿಂದ ಅಚ್ಚಾಗಲಿಲ್ಲ.

ಕೊಳ್ಳದೆಯೇ ನೋಡಲು ಸಿಗುತ್ತದೆಯೇ?

ಡೆಲ್ಫ್ಟ್‌ನ ನಗರ ದಾಖಲಾಗಾರ, ಹೇಗ್‌ನ ರಾಷ್ಟ್ರೀಯ ದಾಖಲಾಗಾರ ಮತ್ತು ರಾಷ್ಟ್ರೀಯ ಗ್ರಂಥಾಲಯ, ಲೈಡನ್ ವಿಶ್ವವಿದ್ಯಾಲಯದ ನಕಾಶೆ ಸಂಗ್ರಹ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ, ಇವೆಲ್ಲ ತಮ್ಮ ಸಂಗ್ರಹದ ದೊಡ್ಡ ಭಾಗವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ಕೊಳ್ಳುವ ಮೊದಲು ಅಲ್ಲಿನ ಚಿತ್ರವನ್ನು ದೊಡ್ಡದಾಗಿ ತೆರೆದು, ಮಾರಾಟಗಾರರು ಕಳಿಸಿದ ಚಿತ್ರದ ಪಕ್ಕದಲ್ಲಿಟ್ಟು, ಕಾಲುವೆ ನೀರಿನ ತೆಳು ಗೆರೆಗಳನ್ನು ಹೋಲಿಸಿ.